ನಿಮಗಿದು ಗೊತ್ತೇ? ಎರಡು ಚುಕ್ಕಿ, ಒಂದು ಸ್ಲ್ಯಾಶ್: ಸರ್ವರಿನ ಗುಟ್ಟೆಲ್ಲ ರಟ್ಟು!

ನಾವು ಫೈಲಿನ ಹೆಸರು ಕಳಿಸುತ್ತೇವೆ, ವೆಬ್ ಸರ್ವರ್ ಅದನ್ನು ತನ್ನ ಫೋಲ್ಡರಿನಲ್ಲಿ ಹುಡುಕಿ ಕೊಡುತ್ತದೆ. ಬಿಲ್ಲು, ಅಂಕಪಟ್ಟಿ, ಪ್ರೊಫೈಲ್ ಫೋಟೊ ನಮ್ಮ ಪರದೆಗೆ ಬರುವುದು ಎಷ್ಟೋ ಸಲ ಹೀಗೆಯೇ. ಆ ಹೆಸರಿನ ನಡುವೆ ಯಾರಾದರೂ ../ ಎಂದು ತುರುಕಿದರೆ? ಬಂದದ್ದನ್ನು ಪರೀಕ್ಷಿಸದ ಸರ್ವರ್ ತನ್ನ ಫೋಲ್ಡರ್ ದಾಟಿ ಹೋಗಿ, ಕೊಡಬಾರದ ಫೈಲನ್ನೂ ತಂದುಕೊಡುತ್ತದೆ. ಪಾತ್ ಟ್ರಾವರ್ಸಲ್ ಎಂದು ಕರೆಯುವ ಈ ದೋಷ ಕಾಲು ಶತಮಾನಕ್ಕೂ ಹಳೆಯದು. ಆದರೂ ನಾವು ಕಣ್ಣುಮುಚ್ಚಿ ನಂಬುವ ಲೈಬ್ರರಿಗಳಲ್ಲೇ ಅದು ಮತ್ತೆ ಮತ್ತೆ ಸಿಕ್ಕಿಬೀಳುತ್ತಿದೆ. ಕೋಡ್ ಬರೆಯುವವರು, ಬರೆಸುವವರು, ಕಲಿಯುತ್ತಿರುವವರು ತಿಳಿದಿರಲೇಬೇಕಾದ ಸಂಗತಿಗಳು ಇಲ್ಲಿವೆ.

ಮೊದಲು ಬುಡ

1. ದಾಳಿಕೋರ ಲೆಕ್ಕ ಹಾಕಬೇಕಾಗಿಲ್ಲ. ../ ಎಂದರೆ ಒಂದು ಫೋಲ್ಡರ್ ಮೇಲಕ್ಕೆ ಹೋಗು ಎಂಬ ಸೂಚನೆ. ಯುನಿಕ್ಸ್, ಲಿನಕ್ಸ್‌ಗಳಲ್ಲಿ ತುತ್ತತುದಿಯ ಫೋಲ್ಡರಿನಿಂದ ಇನ್ನೂ ಮೇಲೆ ಹೋಗು ಎಂದರೆ ಯಂತ್ರ ತಪ್ಪು ಎನ್ನುವುದಿಲ್ಲ, ಅಲ್ಲೇ ನಿಲ್ಲುತ್ತದೆ. ಹಾಗಾಗಿ ನಾಲ್ಕು ಸಾಕಿದ್ದ ಕಡೆ ಹನ್ನೆರಡು ../ ಬರೆದರೂ ಕೆಲಸ ನಡೆಯುತ್ತದೆ.

2. ಪಾಸ್‌ವರ್ಡ್ ಫೈಲಿನಲ್ಲಿ ಪಾಸ್‌ವರ್ಡ್ ಇರುವುದಿಲ್ಲ! ಈ ದೋಷದ ಬಹುತೇಕ ಉದಾಹರಣೆಗಳಲ್ಲಿ ಲಿನಕ್ಸಿನ ಇಟಿಸಿ ಫೋಲ್ಡರಿನ ಪಾಸ್‌ವರ್ಡ್ ಫೈಲೇ ಕಾಣುತ್ತದೆ. ಇಂದಿನ ಯಂತ್ರಗಳಲ್ಲಿ ಅದರೊಳಗಿರುವುದು ಖಾತೆಗಳ ಹೆಸರು, ವಿವರ ಅಷ್ಟೇ. ಪಾಸ್‌ವರ್ಡಿನ ಹ್ಯಾಶ್‌ಗಳು ಶ್ಯಾಡೋ ಎಂಬ ಬೇರೆ ಫೈಲಿನಲ್ಲಿರುತ್ತವೆ, ಸಾಮಾನ್ಯ ಖಾತೆಗೆ ಅದನ್ನು ಓದಲು ಆಗದು. ಹಾಗಿದ್ದೂ ಮೊದಲನೆಯದನ್ನೇ ಯಾಕೆ ಕೇಳುತ್ತಾರೆ? ಅದು ಎಲ್ಲ ಲಿನಕ್ಸ್ ಯಂತ್ರಗಳಲ್ಲೂ ಒಂದೇ ಜಾಗದಲ್ಲಿದೆ, ಯಾರು ಬೇಕಾದರೂ ಓದಬಹುದು. ಅದು ಬಂತೆಂದರೆ ದಾರಿ ತೆರೆದಿದೆ ಎಂದು ಖಾತ್ರಿಯಾಯಿತು. ಆಮೇಲೆ ಕದಿಯುವುದು ಡೇಟಾಬೇಸಿನ ಪಾಸ್‌ವರ್ಡ್ ಇರುವ ಕಾನ್ಫಿಗರೇಶನ್ ಫೈಲು, ಎಸ್‌ಎಸ್‌ಎಚ್ ಕೀ, ಕ್ಲೌಡ್ ಖಾತೆಯ ಕೀ.

3. ಓದುವುದಷ್ಟೇ ಅಲ್ಲ, ಬರೆಯಲೂ ಬಹುದು. ಫೈಲ್ ಅಪ್‌ಲೋಡ್ ಮಾಡುವ ಜಾಗದಲ್ಲಿ ಈ ದೋಷವಿದ್ದರೆ ದಾಳಿಕೋರ ತನ್ನ ಫೈಲನ್ನು ಸರ್ವರ್ ಓಡಿಸುವ ಫೋಲ್ಡರಿನಲ್ಲೇ ಇಳಿಸಬಲ್ಲ. 2023ರ ಡಿಸೆಂಬರಿನಲ್ಲಿ ಜಾವಾದ ಹೆಸರುವಾಸಿ ಫ್ರೇಮ್‌ವರ್ಕ್ ಅಪಾಚೆ ಸ್ಟ್ರಟ್ಸ್‌ನಲ್ಲಿ ಸಿಕ್ಕಿದ್ದು ಇದೇ ಬಗೆಯದು. ಅಪ್‌ಲೋಡಿನ ಪ್ಯಾರಾಮೀಟರುಗಳನ್ನು ತಿದ್ದಿದರೆ ಇಡೀ ಸರ್ವರೇ ಕೈವಶವಾಗುವ ಸಾಧ್ಯತೆ ಇತ್ತು.

4. ಇದಕ್ಕೊಂದು ನಂಬರ್ ಇದೆ. ಸಾಫ್ಟ್‌ವೇರ್ ದೋಷಗಳಿಗೆ ವರ್ಗ ಹಾಕುವ ಅಮೆರಿಕದ ಮೈಟರ್ ಸಂಸ್ಥೆಯ ಪಟ್ಟಿಯಲ್ಲಿ ಇದು ಸಿಡಬ್ಲ್ಯುಇ-22. ಅದೇ ಸಂಸ್ಥೆಯ 2024ರ ಅತಿ ಅಪಾಯಕಾರಿ 25 ದೋಷಗಳ ಪಟ್ಟಿಯಲ್ಲಿ ಇದಕ್ಕೆ 5ನೇ ಸ್ಥಾನ.

5. ಸರ್ಕಾರಗಳೇ ದನಿ ಎತ್ತಿವೆ. 2024ರ ಮೇ ತಿಂಗಳಲ್ಲಿ ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸಿಸಾ ಮತ್ತು ಎಫ್‌ಬಿಐ ಸೇರಿ ಸಾಫ್ಟ್‌ವೇರ್ ಕಂಪನಿಗಳಿಗೆ ಎಚ್ಚರಿಕೆ ಕೊಟ್ಟವು: ಈ ದೋಷವನ್ನು ಬೇರುಸಹಿತ ಕೀಳಿ. ದಾಳಿಗೆ ನಿಜವಾಗಿಯೂ ಬಳಕೆಯಾಗಿರುವ ದೋಷಗಳ ಸಿಸಾ ಪಟ್ಟಿಯಲ್ಲಿ ಆಗ ಈ ಜಾತಿಯವೇ 55 ಇದ್ದವು.

6. ಬ್ರೌಸರಿನಲ್ಲಿ ಟೈಪ್ ಮಾಡಿ ನೋಡಿ ಸುರಕ್ಷಿತ ಎನ್ನುವಂತಿಲ್ಲ. ವಿಳಾಸದ ಪಟ್ಟಿಯಲ್ಲಿ ಬರೆದ ../ ಅನ್ನು ಬ್ರೌಸರೇ ಬಿಡಿಸಿ, ತೆಗೆದು, ಉಳಿದದ್ದನ್ನು ಕಳಿಸುತ್ತದೆ. ದಾಳಿಕೋರರು ಬ್ರೌಸರ್ ಬಳಸುವುದಿಲ್ಲ. ಕರ್ಲ್ ಎಂಬ ಉಪಕರಣದಲ್ಲಿ ಹಾದಿಯನ್ನು ಇದ್ದಂತೆಯೇ ಕಳಿಸುವ ಆಯ್ಕೆ 2015ರಿಂದಲೂ ಇದೆ.

ವೇಷ ಬದಲಿಸುವ ಅಕ್ಷರಗಳು

7. ಕನ್ನಡದ 'ಕ' ವೆಬ್ ವಿಳಾಸದಲ್ಲಿ %ಇ0%ಬಿ2%95 ಆಗಿ ಪಯಣಿಸುತ್ತದೆ. ಕನ್ನಡ ವಿಕಿಪೀಡಿಯಾದ ಕೊಂಡಿ ಕಾಪಿ ಮಾಡಿದಾಗ ಮಾರುದ್ದ ಪರ್ಸೆಂಟ್ ಚಿಹ್ನೆಗಳು ಬರುವುದು ಇದಕ್ಕೇ. ಚುಕ್ಕಿಯನ್ನೂ ಹೀಗೆ %2ಇ ಎಂದು, ಸ್ಲ್ಯಾಶನ್ನು %2ಎಫ್ ಎಂದು ಬರೆಯಬಹುದು. ಸರ್ವರ್ ಇವನ್ನು ಬಿಡಿಸಿ ಓದಲೇಬೇಕು, ಇಲ್ಲದಿದ್ದರೆ ಕನ್ನಡದ ವಿಳಾಸಗಳು ಕೆಲಸ ಮಾಡವು. ಅಪಾಯ ಇರುವುದು ಸರದಿಯಲ್ಲಿ. ಮೊದಲು ../ ಇದೆಯೇ ಎಂದು ನೋಡಿ, ಆಮೇಲೆ ಬಿಡಿಸಿ ಓದಿದರೆ, ವೇಷ ಹಾಕಿದ ಚುಕ್ಕಿ ತಪಾಸಣೆ ದಾಟಿದ ಮೇಲೆ ನಿಜರೂಪ ತೋರುತ್ತದೆ.

8. ../ ಅನ್ನು ಅಳಿಸಿಹಾಕುವುದರಿಂದಲೇ ../ ಹುಟ್ಟಬಹುದು. ಹೇಗೆ? ....// ಎಂದು ಕಳಿಸಿ. ನಡುವಿನ ../ ಅನ್ನು ಒಂದು ಸಲ ಅಳಿಸಿದಾಗ ಆಚೀಚೆ ಉಳಿದ ಚೂರುಗಳು ಕೂಡಿಕೊಂಡು ಮತ್ತೆ ../ ಆಗುತ್ತವೆ. ಕೆಟ್ಟದ್ದನ್ನು ಹುಡುಕಿ ಕತ್ತರಿಸುವ ದಾರಿ ನೆಚ್ಚಿಕೊಳ್ಳುವಂಥದ್ದಲ್ಲ ಎನ್ನುವುದಕ್ಕೆ ಇದಕ್ಕಿಂತ ಚಿಕ್ಕ ಸಾಕ್ಷಿ ಬೇಡ.

9. ಇಡೀ ಜಗತ್ತಿಗೆ ಹಬ್ಬಿದ ನಿಮ್ಡಾ ಹುಳು ಹಿಡಿದ ದಾರಿಗಳಲ್ಲಿ ಇದೂ ಒಂದು. 2000ದ ಅಕ್ಟೋಬರಿನಲ್ಲಿ ಮೈಕ್ರೋಸಾಫ್ಟಿನ ಐಐಎಸ್ ಸರ್ವರ್ ಬಗ್ಗೆ ಎಚ್ಚರಿಕೆ ಹೊರಬಿತ್ತು. ಸ್ಲ್ಯಾಶಿಗೆ ಯುಟಿಎಫ್-8ರಲ್ಲಿ ಒಂದೇ ಬೈಟ್ ಸಾಕು. ಅದನ್ನೇ ಉದ್ದಮಾಡಿ %ಸಿ0%ಎಎಫ್ ಎಂದು ಎರಡು ಬೈಟಿನಲ್ಲಿ ಬರೆದರೆ ಸರ್ವರಿನ ತಪಾಸಣೆ ಗುರುತಿಸುತ್ತಿರಲಿಲ್ಲ, ಫೈಲ್ ತೆರೆಯುವ ಭಾಗ ಮಾತ್ರ ಸ್ಲ್ಯಾಶ್ ಎಂದೇ ಓದುತ್ತಿತ್ತು. ಪ್ಯಾಚ್ ಅಷ್ಟರೊಳಗೇ ಲಭ್ಯವಿತ್ತು. ಆದರೂ 2001ರ ಸೆಪ್ಟೆಂಬರ್ 18ರಂದು ನಿಮ್ಡಾ ಎದ್ದಾಗ ಪ್ಯಾಚ್ ಹಾಕದ ಸರ್ವರುಗಳು ರಾಶಿ ರಾಶಿ ಸಿಕ್ಕವು.

10. ಕನ್ನಡವನ್ನು ಕಂಪ್ಯೂಟರಿನಲ್ಲಿ ಹಿಡಿದಿಡುವ ಯುಟಿಎಫ್-8ರ ಮಾನಕದಲ್ಲೇ ಈ ಪಾಠ ದಾಖಲಾಗಿದೆ. 2003ರ ಆರ್‌ಎಫ್‌ಸಿ 3629, ಅಕ್ಷರವನ್ನು ಬೇಕೆಂದೇ ಉದ್ದಮಾಡಿ ಬರೆಯುವುದನ್ನು ಅಕ್ರಮ ಎನ್ನುತ್ತದೆ. 2001ರಲ್ಲಿ ವೆಬ್ ಸರ್ವರುಗಳ ಮೇಲೆ ಎರಗಿದ ವೈರಸ್ ಈ ತಂತ್ರ ಬಳಸಿತ್ತು ಎಂದೂ ಹೇಳುತ್ತದೆ.

11. ಒಂದೇ ವಾರದಲ್ಲಿ ಎರಡು ಸಲ. ಅಪಾಚೆ ವೆಬ್ ಸರ್ವರಿನ 2.4.49 ಆವೃತ್ತಿಯಲ್ಲಿ ಹಾದಿಯನ್ನು ನೇರ್ಪಡಿಸುವ ಕೋಡನ್ನು ಬದಲಿಸಿದರು. ಎರಡನೇ ಚುಕ್ಕಿ %2ಇ ವೇಷದಲ್ಲಿದ್ದರೆ ಹೊಸ ಕೋಡಿಗೆ ಅದು ಕಾಣುತ್ತಿರಲಿಲ್ಲ. ಅದನ್ನು ಸರಿಪಡಿಸಲು 2021ರ ಅಕ್ಟೋಬರ್ 4ರಂದು 2.4.50 ಬಂತು. ದಾಳಿಕೋರರು %%32%65 ಎಂದು ಬರೆದರು. ಇದನ್ನು ಒಮ್ಮೆ ಬಿಡಿಸಿದರೆ %2ಇ, ಇನ್ನೊಮ್ಮೆ ಬಿಡಿಸಿದರೆ ಚುಕ್ಕಿ! ಅಕ್ಟೋಬರ್ 7ಕ್ಕೆ 2.4.51 ಬಿಡಬೇಕಾಯಿತು. ಫೈಲ್ ವ್ಯವಸ್ಥೆಗೆಲ್ಲ ಪ್ರವೇಶವಿಲ್ಲ ಎಂಬ ಸಾಲನ್ನು ಕಾನ್ಫಿಗರೇಶನ್ನಿನಲ್ಲಿ ಉಳಿಸಿಕೊಂಡಿದ್ದವರು ಮಾತ್ರ ಎರಡೂ ಸಲ ಬಚಾವಾದರು.

12. ಶೂನ್ಯವೂ ಆಯುಧವಾಗಿತ್ತು. ಬಳಕೆದಾರ ಕೊಟ್ಟ ಹೆಸರಿಗೆ ಕೊನೆಯಲ್ಲಿ ನಾವೇ .ಪಿಎಚ್‌ಪಿ ಎಂದು ಅಂಟಿಸಿದರೆ ಸಾಕು ಎಂದು ನಂಬಿದವರು ಬಹಳ. ಹೆಸರಿನ ತುದಿಗೆ %00 ಸೇರಿಸಿದರೆ, ಹೆಸರು ಅಲ್ಲಿಗೇ ಮುಗಿಯಿತು ಎಂದು ಕೆಳಗಿನ ವ್ಯವಸ್ಥೆ ತಿಳಿದು, ಅಂಟಿಸಿದ ಬಾಲವನ್ನು ಬಿಟ್ಟುಬಿಡುತ್ತಿತ್ತು. ಪಿಎಚ್‌ಪಿ ಇದನ್ನು ಸರಿಪಡಿಸಿದ್ದು 2010ರ 5.3.4 ಆವೃತ್ತಿಯಲ್ಲಿ.

13. ಡಾಸ್ ಕಾಲದ ಹೆಸರುಗಳು ಇಂದಿಗೂ ಕಾಡುತ್ತಿವೆ. ವಿಂಡೋಸಿನಲ್ಲಿ ಕಾನ್, ಪಿಆರ್‌ಎನ್, ಆಕ್ಸ್ ಎಂಬವು ಸಾಧನಗಳಿಗೆ ಮೀಸಲಾದ ಹೆಸರುಗಳು. ಇವನ್ನು ಬಳಸಿ ನೋಡ್ ಜೆಎಸ್‌ನ ಹಾದಿ ತಪಾಸಣೆ ದಾಟಬಹುದೆಂದು ಗೊತ್ತಾಗಿ 2025ರ ಜುಲೈನಲ್ಲಿ ಪ್ಯಾಚ್ ಬಿಡಬೇಕಾಯಿತು.

ನಂಬಿದ ಲೈಬ್ರರಿಯೇ ಕೈಕೊಟ್ಟಾಗ

14. ದಿನಾಂಕ ತೋರಿಸುವ ಲೈಬ್ರರಿಯಲ್ಲೂ ಈ ದೋಷ! ಜಾವಾಸ್ಕ್ರಿಪ್ಟಿನ ಮೊಮೆಂಟ್ ಲೈಬ್ರರಿ ಹಲವು ಭಾಷೆಗಳಲ್ಲಿ ದಿನಾಂಕ ಬರೆಯುತ್ತದೆ, ಕನ್ನಡದಲ್ಲೂ. ಪ್ರತಿ ಭಾಷೆಗೂ ಒಂದು ಫೈಲು. ಸರ್ವರಿನಲ್ಲಿ ಓಡುವಾಗ, ಕೇಳಿದ ಭಾಷೆಯ ಹೆಸರನ್ನೇ ಫೋಲ್ಡರಿನ ಹೆಸರಿಗೆ ಅಂಟಿಸಿ ಫೈಲನ್ನು ತರುತ್ತಿತ್ತು. ಆ ಹೆಸರು ಬಳಕೆದಾರನಿಂದ ನೇರವಾಗಿ ಬಂದರೆ? ಭಾಷೆಯ ಬದಲು ಹಾದಿಯನ್ನೇ ಕಳಿಸಬಹುದಿತ್ತು. 1.0.1ರಿಂದ 2.29.1ರವರೆಗಿನ ಆವೃತ್ತಿಗಳಲ್ಲಿ ಇದ್ದ ಈ ದೋಷ 2022ರ ಏಪ್ರಿಲಿನಲ್ಲಿ ಸರಿಹೋಯಿತು. ಪರಿಹಾರ ಎಷ್ಟು ಪುಟ್ಟದು ನೋಡಿ: ಭಾಷೆಯ ಹೆಸರಿನಲ್ಲಿ ಎಡಕ್ಕೋ ಬಲಕ್ಕೋ ವಾಲಿದ ಸ್ಲ್ಯಾಶ್ ಇದ್ದರೆ ಒಪ್ಪಬೇಡ. ಅಷ್ಟೇ!

15. ಭಾಷೆಯ ಆಯ್ಕೆಯಿಂದಲೇ ಸಾವಿರಾರು ಸಂಸ್ಥೆಗಳ ವಿಪಿಎನ್ ಪಾಸ್‌ವರ್ಡ್ ಸೋರಿತು. ಫೋರ್ಟಿನೆಟ್ ಕಂಪನಿಯ ಫೋರ್ಟಿಗೇಟ್ ಉಪಕರಣಗಳ ಲಾಗಿನ್ ಪುಟ, ಭಾಷೆಯ ಹೆಸರನ್ನು ಹಾದಿಯೊಳಗೆ ಇಟ್ಟು ಕೊನೆಗೆ .ಜೆಸಾನ್ ಎಂದು ಸೇರಿಸುತ್ತಿತ್ತು. ಆದರೆ ಆ ಹಾದಿಗೆ ಇಟ್ಟಿದ್ದ ಜಾಗ 64 ಬೈಟ್ ಮಾತ್ರ. ಹೆಸರಿನ ನಡುವೆ ಸಾಲು ಸಾಲು ಸ್ಲ್ಯಾಶ್ ತುಂಬಿದರೆ .ಜೆಸಾನ್ ಜಾಗ ಸಾಲದೆ ಹೊರಗುಳಿಯುತ್ತಿತ್ತು. ಹೀಗೆ ಸಿಗುತ್ತಿದ್ದ ಸೆಶನ್ ಫೈಲಿನಲ್ಲಿ ಬಳಕೆದಾರರ ಹೆಸರು, ಪಾಸ್‌ವರ್ಡ್ ಎರಡೂ ಬರಿಗಣ್ಣಿಗೆ ಓದುವಂತಿದ್ದವು. ಪ್ಯಾಚ್ ಬಂದದ್ದು 2019ರ ಮೇ ತಿಂಗಳಲ್ಲಿ. 2021ರ ಸೆಪ್ಟೆಂಬರಿನಲ್ಲಿ ಸುಮಾರು 87,000 ಉಪಕರಣಗಳ ಲಾಗಿನ್ ವಿವರ ಬಹಿರಂಗವಾಯಿತು. ಪ್ಯಾಚ್ ಹಾಕಿದವರೂ ಪಾಸ್‌ವರ್ಡ್ ಬದಲಿಸದಿದ್ದರೆ ಪ್ರಯೋಜನವಿಲ್ಲ ಎಂದು ಕಂಪನಿಯೇ ಎಚ್ಚರಿಸಿತು.

16. ಫೈಲಿನ ಹೆಸರು ಕೇಳದ ಪುಟದಲ್ಲೂ ದಾಳಿ ಸಾಧ್ಯ. ಬ್ರೌಸರ್ ಪ್ರತಿ ಸಲ ಕಳಿಸುವ ಆಕ್ಸೆಪ್ಟ್ ಹೆಡರ್, ತನಗೆ ಯಾವ ನಮೂನೆಯ ಉತ್ತರ ಬೇಕೆಂದು ಹೇಳುತ್ತದೆ. ರೂಬಿ ಆನ್ ರೈಲ್ಸ್‌ನಲ್ಲಿ, ಫೈಲನ್ನು ನೇರವಾಗಿ ತೋರಿಸುವ ಒಂದು ಬಗೆಯ ಕೋಡ್ ಇದ್ದರೆ, ಆ ಹೆಡರಿನೊಳಗೆ ../ ಇಟ್ಟು ಸರ್ವರಿನ ಬೇರೆ ಫೈಲುಗಳನ್ನು ಓದಬಹುದಿತ್ತು. 2019ರ ಮಾರ್ಚಿನಲ್ಲಿ ಇದಕ್ಕೆ ಪ್ಯಾಚ್ ಬಂತು. ಹೊರಗಿನಿಂದ ಬಂದದ್ದು ಎಂದರೆ ಫಾರಂನಲ್ಲಿ ತುಂಬಿದ್ದು ಮಾತ್ರವಲ್ಲ. ಹೆಡರ್, ಕುಕಿ, ಅಪ್‌ಲೋಡ್ ಆದ ಫೈಲಿನ ಹೆಸರು ಎಲ್ಲವೂ ಹೊರಗಿನವೇ.

17. ಹೆಸರಿನ ಮೊದಲರ್ಧ ಹೊಂದಿದರೆ ಸಾಲದು. ನೋಡ್ ಜೆಎಸ್ ಲೋಕದಲ್ಲಿ ಫೈಲ್ ಕಳಿಸಲು ಬಳಸುವ ಸೆಂಡ್ ಎಂಬ ಮಾಡ್ಯೂಲ್, ಹಾದಿ 'ಪಬ್ಲಿಕ್' ಎಂದು ಶುರುವಾದರೆ ಬಿಡುತ್ತಿತ್ತು. ಪಕ್ಕದಲ್ಲೇ 'ಪಬ್ಲಿಕ್-ರಿಸ್ಟ್ರಿಕ್ಟೆಡ್' ಫೋಲ್ಡರ್ ಇದ್ದರೆ ಅದೂ ಹಾಗೇ ಶುರುವಾಗುತ್ತದಲ್ಲ! 2014ರಲ್ಲಿ ಬಯಲಾದ ಈ ದೋಷ 0.8.4 ಆವೃತ್ತಿಯಲ್ಲಿ ಸರಿಹೋಯಿತು. ಹೋಲಿಸುವಾಗ ಫೋಲ್ಡರಿನ ಹೆಸರಿನ ಜೊತೆ ಕೊನೆಯ ಸ್ಲ್ಯಾಶನ್ನೂ ಸೇರಿಸಿಯೇ ಹೋಲಿಸಬೇಕು.

18. ಲೈಬ್ರರಿ ಮುಟ್ಟದಿದ್ದರೂ ಅದು ಅಸುರಕ್ಷಿತವಾಗಬಹುದು. 2017ರಲ್ಲಿ ನೋಡ್ ಜೆಎಸ್ 8.5.0, ಚುಕ್ಕಿಗಳನ್ನು ಬಿಡಿಸುವ ರೀತಿಯನ್ನು ಕೊಂಚ ಬದಲಿಸಿತು. ಹಳೆಯ ರೀತಿಯನ್ನು ನೆಚ್ಚಿಕೊಂಡಿದ್ದ ಬೇರೆಯವರ ಮಾಡ್ಯೂಲುಗಳ ತಪಾಸಣೆ ಒಂದೇ ಏಟಿಗೆ ಕೆಲಸಕ್ಕೆ ಬಾರದಾಯಿತು. ಆ ಮಾಡ್ಯೂಲುಗಳ ಒಂದು ಸಾಲೂ ಬದಲಾಗಿರಲಿಲ್ಲ. 8.6.0ರಲ್ಲಿ ಸರಿಪಡಿಸಿದರು.

19. ಪೈಥಾನಿನಲ್ಲಿ ದಾಳಿಗೆ ಚುಕ್ಕಿಯೇ ಬೇಡ. ಎರಡು ಹಾದಿಗಳನ್ನು ಕೂಡಿಸುವ ಜಾಯಿನ್ ಫಂಕ್ಷನ್, ಎರಡನೆಯದು ಸ್ಲ್ಯಾಶಿನಿಂದ ಶುರುವಾದರೆ ಮೊದಲನೆಯದನ್ನು ಪೂರ್ತಿ ಎಸೆದುಬಿಡುತ್ತದೆ. ಇದು ದಾಖಲೆಯಲ್ಲಿ ಬರೆದಿರುವ ನಡವಳಿಕೆ. ಓದದೆ ಬಳಸಿದವರ ಕೋಡಿನಲ್ಲಿ ಇದೇ ದೋಷವಾಗುತ್ತದೆ.

20. ಸುರಕ್ಷಿತ ಎಂಬ ಟಿಪ್ಪಣಿಯ ಪಕ್ಕದಲ್ಲೇ ದೋಷವಿತ್ತು. ಗ್ರಾಫ್‌ಗಳನ್ನು ತೋರಿಸುವ ಗ್ರಫಾನಾ ತಂತ್ರಾಂಶದ ಕೋಡಿನಲ್ಲಿ, ತಪಾಸಣಾ ಉಪಕರಣ ಗೋಸೆಕ್ ಕೊಟ್ಟ ಎಚ್ಚರಿಕೆಯನ್ನು ಕಡೆಗಣಿಸುವ ಒಂದು ಸಾಲು ಇತ್ತು. ಹಾದಿಯನ್ನು ಈಗಾಗಲೇ ಶುಚಿಮಾಡಿದ್ದೇವೆ, ಹಾಗಾಗಿ ಚಿಂತೆಯಿಲ್ಲ ಎಂಬುದು ಅದರ ಸಾರ. ಬಳಸಿದ್ದು ಗೋ ಭಾಷೆಯ ಕ್ಲೀನ್ ಫಂಕ್ಷನ್. ಅದು ಹಾದಿಯ ನಡುವಿನ ಚುಕ್ಕಿಗಳನ್ನು ಬಿಡಿಸುತ್ತದೆ. ಸ್ಲ್ಯಾಶಿನಿಂದ ಶುರುವಾಗದ ಹಾದಿಯ ತಲೆಯಲ್ಲೇ ../ ಇದ್ದರೆ ಮಾತ್ರ ಹಾಗೇ ಉಳಿಸುತ್ತದೆ. 2021ರ ಡಿಸೆಂಬರಿನಲ್ಲಿ ಲಾಗಿನ್ ಇಲ್ಲದೆಯೇ ಫೈಲ್ ಓದಬಹುದೆಂದು ಬಯಲಾಯಿತು, 8.3.1ರಲ್ಲಿ ಪರಿಹಾರ ಬಂತು. ಉಪಕರಣ ಕೂಗಿದಾಗ ಅದರ ಬಾಯಿ ಮುಚ್ಚಿಸುವ ಮುನ್ನ ಇನ್ನೊಬ್ಬರ ಕಣ್ಣು ಬೀಳಲೇಬೇಕು.

21. ಇಬ್ಬರು ಒಂದೇ ವಿಳಾಸವನ್ನು ಬೇರೆ ಬೇರೆ ಬಗೆಯಲ್ಲಿ ಓದಿದರೆ ಸಂದು ಸಿಗುತ್ತದೆ. ಮುಂದೆ ನಿಂತ ಪ್ರಾಕ್ಸಿ ..; ಎಂಬುದನ್ನು ಯಾವುದೋ ಫೋಲ್ಡರಿನ ಹೆಸರು ಎಂದುಕೊಳ್ಳುತ್ತದೆ. ಹಿಂದಿರುವ ಟಾಮ್‌ಕ್ಯಾಟ್ ಸರ್ವರ್ ಅರ್ಧವಿರಾಮದ ನಂತರದ್ದನ್ನು ಬಿಟ್ಟು .. ಎಂದು ಓದುತ್ತದೆ. 2020ರ ಜುಲೈನಲ್ಲಿ ಎಫ್5 ಕಂಪನಿಯ ಬಿಗ್-ಐಪಿ ಉಪಕರಣಗಳನ್ನು ಅಪಾಯಕ್ಕೆ ತಳ್ಳಿದ್ದು ಈ ಅರ್ಧವಿರಾಮ.

22. ಒಂದು ಸ್ಲ್ಯಾಶ್ ಮರೆತರೂ ಸಾಕು. ಎಂಜಿನ್ಎಕ್ಸ್ ಸರ್ವರಿನಲ್ಲಿ ಲೊಕೇಶನ್ ಸಾಲಿನ ಕೊನೆಗೆ ಸ್ಲ್ಯಾಶ್ ಬಿಟ್ಟು, ಅಲಿಯಾಸ್ ಸಾಲಿನ ಕೊನೆಗೆ ಹಾಕಿದರೆ, ವಿಳಾಸದ ಆ ಹೆಸರಿಗೆ ಎರಡು ಚುಕ್ಕಿ ಅಂಟಿಸಿ ಒಂದು ಫೋಲ್ಡರ್ ಮೇಲೇರಬಹುದು. ನಿಮ್ಮ ಕಾನ್ಫಿಗರೇಶನ್ ಫೈಲನ್ನು ಇವತ್ತೇ ತೆರೆದು ನೋಡಿ.

23. ಐದು ಗುಂಪುಗಳ ಒಳಗಿದ್ದರೆ ಮಾತ್ರ! ಗಿಟ್‌ಲ್ಯಾಬ್ 16.0.0ರಲ್ಲಿ, ಕನಿಷ್ಠ ಐದು ಗುಂಪುಗಳ ಒಳಗೊಳಗೆ ಇಟ್ಟ ಸಾರ್ವಜನಿಕ ಪ್ರಾಜೆಕ್ಟಿಗೆ ಒಂದು ಅಟ್ಯಾಚ್‌ಮೆಂಟ್ ಇದ್ದರೆ ಸರ್ವರಿನ ಫೈಲುಗಳನ್ನು ಓದಬಹುದಿತ್ತು. 2023ರ ಮೇ ತಿಂಗಳ ಈ ದೋಷಕ್ಕೆ ತೀವ್ರತೆಯಲ್ಲಿ 10ಕ್ಕೆ 10 ಅಂಕ.

ಗಂಟು ಬಿಚ್ಚುವಾಗ ಹುಷಾರು

24. ಜಿಪ್ ಫೈಲಿನೊಳಗಿನ ಪ್ರತಿ ಫೈಲಿಗೂ ಹೆಸರಿದೆ, ಆ ಹೆಸರಿನಲ್ಲೂ ../ ಇರಬಹುದು. ಬಿಚ್ಚುವ ಲೈಬ್ರರಿ ಅದನ್ನು ನಂಬಿದರೆ ಫೈಲು ಹೋಗಿ ಬೇರೆಲ್ಲೋ ಕೂರುತ್ತದೆ. 2018ರ ಜೂನಿನಲ್ಲಿ ಸ್ನಿಕ್ ಕಂಪನಿ ಜಿಪ್ ಸ್ಲಿಪ್ ಹೆಸರಿನಲ್ಲಿ ಇದನ್ನು ಹೊರಗೆಡವಿತು. ಜಾವಾ, ಜಾವಾಸ್ಕ್ರಿಪ್ಟ್, ರೂಬಿ, ಡಾಟ್‌ನೆಟ್, ಗೋ ಹೀಗೆ ಹಲವು ಭಾಷೆಗಳ ಲೈಬ್ರರಿಗಳು ಸಿಕ್ಕಿಬಿದ್ದವು. ಜಾವಾದಲ್ಲಂತೂ ಗಂಟು ಬಿಚ್ಚಲು ಎಲ್ಲರೂ ಒಪ್ಪಿದ ಒಂದು ಲೈಬ್ರರಿ ಇರದೆ, ಜನ ಇಂಟರ್‌ನೆಟ್ಟಿನಿಂದ ಕೋಡಿನ ತುಣುಕನ್ನು ಎತ್ತಿ ಅಂಟಿಸಿಕೊಂಡಿದ್ದರು. ದೋಷವೂ ಜೊತೆಗೇ ಅಂಟಿಕೊಂಡಿತ್ತು.

25. ಹದಿನೈದು ವರ್ಷ ಕಣ್ಣೆದುರೇ ಇತ್ತು. ಪೈಥಾನಿನ ಟಾರ್‌ಫೈಲ್ ಮಾಡ್ಯೂಲಿನಲ್ಲಿ ಇದೇ ದೋಷವನ್ನು 2007ರಲ್ಲೇ ತೋರಿಸಿಕೊಟ್ಟಿದ್ದರು. ನಂಬಿಕೆಯಿಲ್ಲದ ಕಡೆಯಿಂದ ಬಂದ ಗಂಟು ಬಿಚ್ಚಬೇಡಿ ಎಂದು ದಾಖಲೆಯಲ್ಲಿ ಬರೆದು ಬಿಟ್ಟರು. 2022ರಲ್ಲಿ ಟ್ರೆಲಿಕ್ಸ್ ಕಂಪನಿಯವರು ಮತ್ತೆ ಎಡವಿ ಕಂಡುಕೊಂಡಾಗ, ಸುಮಾರು 3,50,000 ಕೋಡ್ ಭಂಡಾರಗಳು ಅಪಾಯದಲ್ಲಿರಬಹುದು ಎಂದು ಅಂದಾಜಿಸಿದರು. ತಾವೇ ಮುಂದೆ ನಿಂತು 61,000ಕ್ಕೂ ಹೆಚ್ಚು ಪ್ರಾಜೆಕ್ಟುಗಳಿಗೆ ಪರಿಹಾರ ಕಳಿಸಿದರು. ಪೈಥಾನ್ 3.12ರಲ್ಲಿ ಸುರಕ್ಷಿತ ಫಿಲ್ಟರ್ ಬಂತು, 3.14ರಲ್ಲಿ ಅದೇ ಪೂರ್ವನಿಯೋಜಿತ ನಡವಳಿಕೆಯಾಯಿತು. ಎಚ್ಚರಿಕೆಯ ಸಾಲು ಬರೆದರೆ ಹೊಣೆ ಮುಗಿಯದು. ಏನೂ ಹೇಳದೆ ಬಳಸಿದರೂ ಸುರಕ್ಷಿತವಾಗಿರಬೇಕು, ಲೈಬ್ರರಿ ಬರೆಯುವವರ ಧರ್ಮ ಅದು.

26. ನಮ್ಮ ಮನೆಯ ಕಂಪ್ಯೂಟರಿಗೂ ಇದು ತಟ್ಟಿದೆ. ವಿನ್‌ರಾರ್ ಬಳಸುತ್ತಿದ್ದ ಹಳೆಯ ಏಸ್ ಲೈಬ್ರರಿಯಲ್ಲಿ 19 ವರ್ಷ ಅಡಗಿದ್ದ ದೋಷವನ್ನು ಚೆಕ್ ಪಾಯಿಂಟ್ ಕಂಪನಿ 2019ರಲ್ಲಿ ಬಯಲು ಮಾಡಿತು. ವಿನ್‌ರಾರ್ ಏಸ್ ನಮೂನೆಯನ್ನೇ ಕೈಬಿಟ್ಟಿತು. 2025ರಲ್ಲಿ ಮತ್ತೊಂದು ಪಾತ್ ಟ್ರಾವರ್ಸಲ್ ಸಿಕ್ಕಿ 7.13 ಆವೃತ್ತಿ ಬಂತು. ಇದು ತಾನಾಗಿ ಅಪ್‌ಡೇಟ್ ಆಗುವ ತಂತ್ರಾಂಶವಲ್ಲ, ನಾವೇ ಹೊಸದನ್ನು ಇಳಿಸಿಕೊಳ್ಳಬೇಕು.

ಕಾಪಾಡಿಕೊಳ್ಳುವುದು ಹೇಗೆ?

27. ಹೆಸರನ್ನೇ ಕೇಳದಿರುವುದು ಎಲ್ಲಕ್ಕಿಂತ ಒಳ್ಳೆಯದು. ಬಳಕೆದಾರನಿಂದ ನಂಬರ್ ಪಡೆಯಿರಿ, ಅದಕ್ಕೆ ಯಾವ ಫೈಲು ಎಂಬುದು ನಿಮ್ಮ ಡೇಟಾಬೇಸಿನಲ್ಲಿರಲಿ. ಅಪ್‌ಲೋಡ್ ಆದ ಫೈಲಿಗೆ ನೀವೇ ಹೊಸ ಹೆಸರಿಡಿ. ಭಾಷೆಯ ಆಯ್ಕೆಯಾದರೆ ಒಪ್ಪುವ ಭಾಷೆಗಳ ಪಟ್ಟಿ ಮಾಡಿ, ಅದರಲ್ಲಿ ಇಲ್ಲದ್ದನ್ನು ವಾಪಸ್ ಕಳಿಸಿ.

28. ಹೆಸರು ಕೇಳಲೇಬೇಕಾದರೆ ಸರದಿ ಹೀಗಿರಲಿ. ಮೊದಲು ಪೂರ್ತಿ ಬಿಡಿಸಿ ಓದಿ. ಆಮೇಲೆ ಫೋಲ್ಡರಿಗೆ ಸೇರಿಸಿ, ಚುಕ್ಕಿಗಳನ್ನೂ ಸಿಮ್‌ಲಿಂಕುಗಳನ್ನೂ ಬಿಡಿಸಿ ಕೊನೆಯ ನಿಜವಾದ ಹಾದಿ ಪಡೆಯಿರಿ. ಅದು ನಿಮ್ಮ ಫೋಲ್ಡರಿನ ಒಳಗೇ ಇದೆಯೇ ಎಂದು ಕೊನೆಗೆ ನೋಡಿ. ತಪಾಸಣೆ ಮಾಡಿದ ಹಾದಿಯನ್ನೇ ತೆರೆಯಿರಿ, ಮೂಲದಲ್ಲಿ ಬಂದ ಹೆಸರನ್ನಲ್ಲ.

29. ಬೇಲಿ ಹಾಕುವ ಕೆಲಸವನ್ನು ಈಗ ವ್ಯವಸ್ಥೆಯೇ ಮಾಡಿಕೊಡುತ್ತದೆ. ಲಿನಕ್ಸ್ ಕರ್ನಲ್ 5.6ರಲ್ಲಿ, ಅಂದರೆ 2020ರಲ್ಲಿ, ಈ ಫೋಲ್ಡರ್ ದಾಟಿ ಹೋಗುವ ಹಾದಿಯಾದರೆ ತೆರೆಯಲೇಬೇಡ ಎಂದು ಕೇಳುವ ಸೌಲಭ್ಯ ಬಂತು. ಗೋ ಭಾಷೆಗೆ 2025ರ ಫೆಬ್ರವರಿಯ 1.24 ಆವೃತ್ತಿಯಲ್ಲಿ ಇದೇ ಕೆಲಸ ಮಾಡುವ ಓಎಸ್ ರೂಟ್ ಸೇರಿತು. ಹೊಸ ಕೋಡಿನಲ್ಲಿ ಇವನ್ನೇ ಬಳಸಿ.

30. ಕಲಿಯಲು ಬೇಕಾದ ಕಣ ಉಚಿತವಾಗಿ ಸಿಗುತ್ತದೆ. ಓವಾಸ್ಪ್ ಸಂಸ್ಥೆಯ ವೆಬ್‌ಗೋಟ್‌ನಲ್ಲಿ, ಪೋರ್ಟ್‌ಸ್ವಿಗರ್ ಅಕಾಡೆಮಿಯಲ್ಲಿ ಪಾತ್ ಟ್ರಾವರ್ಸಲ್ ಪಾಠಗಳಿವೆ. ಬೇರೆಯವರ ಸೈಟಿನ ಮೇಲೆ ಅನುಮತಿಯಿಲ್ಲದೆ ಪ್ರಯೋಗಿಸಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ನೇ ಸೆಕ್ಷನ್ ಪ್ರಕಾರ 3 ವರ್ಷದವರೆಗೆ ಜೈಲು ಅಥವಾ 5 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು, ಎರಡೂ ಆಗಬಹುದು.

31. ದಾಳಿಯಾಗಿದೆ ಎಂದು ಗೊತ್ತಾದರೆ ಆರು ಗಂಟೆಯೊಳಗೆ ಭಾರತದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕು. 2022ರ ಏಪ್ರಿಲ್ 28ರ ನಿರ್ದೇಶನ ಭಾರತದ ಕಂಪನಿಗಳಿಗೂ ಸರ್ಕಾರಿ ಸಂಸ್ಥೆಗಳಿಗೂ ಅನ್ವಯಿಸುತ್ತದೆ. ಮುಚ್ಚಿಟ್ಟರೆ ನಷ್ಟ ನಮ್ಮೊಬ್ಬರಿಗೇ ಅಲ್ಲ, ಅದೇ ಲೈಬ್ರರಿ ಬಳಸುವ ಎಲ್ಲರಿಗೂ.

32. ನೀವು ಒಂದು ಲೈಬ್ರರಿ ಹಾಕಿಕೊಂಡಾಗ ಅದರ ಹಿಂದೆ ಹತ್ತಾರು ಬರುತ್ತವೆ. ಎನ್‌ಪಿಎಂ ಆಡಿಟ್, ಪಿಪ್-ಆಡಿಟ್, ಬಂಡ್ಲರ್-ಆಡಿಟ್ ಉಪಕರಣಗಳು ಅವುಗಳಲ್ಲಿ ಗೊತ್ತಿರುವ ದೋಷಗಳನ್ನು ಕೂಡಲೇ ತೋರಿಸುತ್ತವೆ. ಮೇಲೆ ಹೇಳಿದ ಹಳೆಯ ದಾಳಿಗಳಲ್ಲಿ ಹಲವು, ಪ್ಯಾಚ್ ಬಂದ ಮೇಲೂ ಅದನ್ನು ಹಾಕದವರ ಮೇಲೆ ನಡೆದವು. ಆದ್ದರಿಂದ ಇವತ್ತೇ ನಿಮ್ಮ ಪ್ರಾಜೆಕ್ಟಿನಲ್ಲಿ ಆಡಿಟ್ ಓಡಿಸಿ. ಬಳಿಕ ಫೈಲ್ ತೆರೆಯುವ ಪ್ರತಿಯೊಂದು ಸಾಲನ್ನೂ ಹುಡುಕಿ ತೆಗೆದು ಮೂರು ಪ್ರಶ್ನೆ ಕೇಳಿ: ಈ ಹೆಸರು ಎಲ್ಲಿಂದ ಬಂತು? ಇದನ್ನು ಪರೀಕ್ಷಿಸಿದ್ದು ಬಿಡಿಸಿ ಓದುವ ಮುಂಚೆಯೋ ಆಮೇಲೋ? ತೆರೆಯುತ್ತಿರುವುದು ಪರೀಕ್ಷಿಸಿದ ಹಾದಿಯನ್ನೇ ತಾನೆ? ಮೂರಕ್ಕೂ ಸರಿಯಾದ ಉತ್ತರ ಸಿಗದ ಸಾಲನ್ನು ಸರಿಪಡಿಸದೆ ಮುಂದಿನ ಆವೃತ್ತಿ ಬಿಡಬೇಡಿ.